ಮಾವನ ಕ್ಯಾಮೆರಾದ ಒಂದು ಸೆಕೆಂಡ್

ತಿಪಟೂರಿನಲ್ಲಿ ನಮ್ಮ ಸೋದರಮಾವನ ಮನೆಯ ಅಟ್ಟದಲ್ಲಿ ಯಾವಾಗಲೂ ಕಾಯಿ ತುಂಬಿರುತ್ತದೆ. ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ ಅಲ್ಲಿ ಹತ್ತು ಹನ್ನೊಂದು ತಿಂಗಳು ಸುಮ್ನೆ ಬಿದ್ದಿರಬೇಕು. ಒಳಗಿನ ನೀರು ಬತ್ತಬೇಕು. ಕೊಬ್ಬರಿ ಚಿಪ್ಪು ಬಿಡಬೇಕು. ಆಮೇಲೆ ಕಾಯಿ ಅಲ್ಲಾಡಿಸಿದರೆ ಒಳಗೆ ಲೊಡಲೊಡ ಅನ್ನುತ್ತದೆ. ಮಾವ ಕಾಯಿಯನ್ನು ಕಿವಿ ಹತ್ತಿರ ಹಿಡಿದು ಒಂದೇ ಸಲ ಅಲ್ಲಾಡಿಸಿ, ‘ಇದಕ್ಕಿನ್ನೂ ಒಂದು ತಿಂಗಳು ಬೇಕು’ ಅಂತ ಹೇಳಿಬಿಡುತ್ತಾರೆ.

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ಕಾಯಿ ಇಳಿಸುವ ದಿನ ನಾನೂ ಹೋಗಿದ್ದೆ. ಅಟ್ಟದ ಮೂಲೆಯಲ್ಲಿ ಒಂದು ತಗಡಿನ ಟ್ರಂಕು. ಹಳೇ ಲೆಕ್ಕದ ಪುಸ್ತಕಗಳ ಅಡಿಯಲ್ಲಿ ಕಂದು ಚರ್ಮದ ಚೀಲ ಸಿಕ್ಕಿತು. ಬಿಚ್ಚಿದರೆ ಪೆಂಟಾಕ್ಸ್ ಕೆ1000, ರೀಲು ಹಾಕುವ ಹಳೇ ಕ್ಯಾಮೆರಾ. ಅದರ 50 ಎಂಎಂ ಲೆನ್ಸ್ ಕೂಡ ಇತ್ತು. ಕೈಗೆ ತಗೊಂಡರೆ ಅರ್ಧ ಕೆಜಿಗೂ ಜಾಸ್ತಿ ತೂಕ, ತಣ್ಣನೆಯ ಲೋಹ.

‘ಗಲ್ಫಿಂದ ಬಂದ ಸ್ನೇಹಿತನ ಹತ್ರ 87ರಲ್ಲಿ ತಗೊಂಡಿದ್ದು. ಆ ವರ್ಷ ಕೊಬ್ಬರಿಗೆ ಒಳ್ಳೇ ರೇಟ್ ಇತ್ತು. ಸುಮ್ನೆ ಬಿದ್ದಿದೆ, ತಗೊಂಡ್ಹೋಗು’ ಅಂದರು ಮಾವ. ನೆಂಟರ ಮದುವೆ, ನಾಮಕರಣ, ಜಾತ್ರೆ ಎಲ್ಲವನ್ನೂ ಅವರು ಇದರಲ್ಲೇ ತೆಗೆದಿದ್ದರು. ನಮ್ಮ ಮನೆಯ ಆಲ್ಬಂನಲ್ಲಿರುವ ಅರ್ಧ ಫೋಟೋ ಈ ಕ್ಯಾಮೆರಾದ್ದು. ನನ್ನ ಮೊದಲ ಹುಟ್ಟುಹಬ್ಬದ್ದೂ ಇದರದ್ದೇ.

ಈ ಕ್ಯಾಮೆರಾ ಬಗ್ಗೆ ಸ್ವಲ್ಪ ಹೇಳಬೇಕು. ಪೆಂಟಾಕ್ಸ್ ಕಂಪನಿ ಇದನ್ನು 1976ರಲ್ಲಿ ಬಿಟ್ಟಿತು, 1997ರಲ್ಲಿ ನಿಲ್ಲಿಸಿತು. ಅಷ್ಟು ವರ್ಷ ಹೆಚ್ಚುಕಡಿಮೆ ಒಂದೇ ರೂಪ. 30 ಲಕ್ಷಕ್ಕೂ ಜಾಸ್ತಿ ತಯಾರಾದವು. ಮೊದಲು ಜಪಾನಿನಲ್ಲಿ, ಆಮೇಲೆ ಹಾಂಗ್‌ಕಾಂಗ್‌ನಲ್ಲಿ, ಕೊನೆಗೆ ಚೀನಾದಲ್ಲಿ. ಹೊಸದಾಗಿ ಕಲಿಯುವವರಿಗೆ ಕೈಗೆಟುಕಬೇಕು ಅಂತಲೇ ಮಾಡಿದ್ದು. ಅಮೆರಿಕದಲ್ಲಿ ಫೋಟೋಗ್ರಫಿ ಕ್ಲಾಸಿಗೆ ಸೇರಿದವರಿಗೆ ಮೇಷ್ಟರು ‘ಕೆ1000 ತನ್ನಿ’ ಅಂತ ಹೇಳುವುದು ಎಷ್ಟೋ ವರ್ಷ ನಡೆಯಿತು.

ಬೆಲೆ ಇಳಿಸಲು ಅದರಿಂದ ಎಷ್ಟೋ ಸವಲತ್ತು ತೆಗೆದುಹಾಕಿದ್ದಾರೆ. ಸೆಲ್ಫ್ ಟೈಮರ್ ಇಲ್ಲ. ಆಟೋ ಇಲ್ಲ. ಕಣ್ಣಿಟ್ಟು ನೋಡುವ ಕಿಂಡಿಯಲ್ಲಿ ಶಟರ್ ಸ್ಪೀಡ್, ಅಂದರೆ ಫಿಲ್ಮಿಗೆ ಎಷ್ಟು ಹೊತ್ತು ಬೆಳಕು ಬಿಡುತ್ತದೆ ಅನ್ನುವುದು, ಕಾಣುವುದಿಲ್ಲ. ಬೆಳಕು ಅಳೆಯುವ ಮೀಟರಿಗೆ ಆನ್, ಆಫ್ ಸ್ವಿಚ್ ಕೂಡ ಇಲ್ಲ. ಲೆನ್ಸಿನ ಮುಚ್ಚಳ ಹಾಕಿ ಕತ್ತಲೆ ಮಾಡಿದರೆ ಅದೇ ಆಫ್. ಉಳಿದದ್ದು ಮೂರೇ ಕೆಲಸ: ಫೋಕಸ್ ಮಾಡು, ಸ್ಪೀಡ್ ಇಡು, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ತೂತು) ತಿರುಗಿಸು. ಬಲಗಡೆ ಒಂದು ಮುಳ್ಳು ಇರುತ್ತದೆ. ಬೆಳಕು ಜಾಸ್ತಿಯಾದರೆ ಮೇಲೆ ಹೋಗುತ್ತದೆ, ಕಡಿಮೆಯಾದರೆ ಕೆಳಗೆ. ಮಧ್ಯಕ್ಕೆ ತಂದರೆ ಸರಿ. ಒಂದು ಸಣ್ಣ ಬಟನ್ ಬ್ಯಾಟರಿ ಬೇಕು, ಅದೂ ಆ ಮುಳ್ಳಿಗೆ ಮಾತ್ರ. ಬ್ಯಾಟರಿ ಸತ್ತರೂ ಶಟರ್ ಕೆಲಸ ಮಾಡುತ್ತದೆ. ಇಷ್ಟು ಕಡಿಮೆ ಇರುವುದರಿಂದಲೇ ಇದರಲ್ಲಿ ಕೆಡುವುದಕ್ಕೂ ಜಾಸ್ತಿ ಏನಿಲ್ಲ. ನನಗೆ ಇದು ತುಂಬಾ ಇಷ್ಟವಾದ ವಿಷಯ.

ಅಟ್ಟದಲ್ಲೇ ಕೂತು ಸ್ಪೀಡ್‌ಗಳನ್ನು ಒಂದೊಂದಾಗಿ ಒತ್ತಿ ನೋಡಿದೆ. 1/1000, 1/500, 1/250, ಎಲ್ಲಾ ಟಪ್ ಟಪ್. 1/60 ಚೆನ್ನಾಗಿತ್ತು. 1/15ರಲ್ಲಿ ಏನೋ ಎಳೆದ ಹಾಗೆ ಅನ್ನಿಸಿತು. ಒಂದು ಸೆಕೆಂಡಿಗೆ ಇಟ್ಟು ಒತ್ತಿದರೆ ಕನ್ನಡಿ ಮೇಲೆ ಹೋಯಿತು, ‘ಝ್‌ರ್...’ ಅಂತ ಶುರುವಾದ ಸದ್ದು ಅರ್ಧಕ್ಕೇ ನಿಂತಿತು. ಕಿಂಡಿ ಪೂರ್ತಿ ಕಪ್ಪು. ಕ್ಯಾಮೆರಾ ಅಲ್ಲಾಡಿಸಿದ ಮೇಲೆ ‘ಟಪ್’ ಅಂತ ಮುಚ್ಚಿಕೊಂಡಿತು.

‘ಆ ಸ್ಪೀಡ್ ನಾನು ಮುಟ್ಟೇ ಇಲ್ಲ’ ಅಂದರು ಮಾವ. ‘ಫ್ಲ್ಯಾಶ್ ಹಾಕ್ತಿದ್ದೆ. ಫ್ಲ್ಯಾಶಿಗೆ 60, ಬಿಸಿಲಿಗೆ 125. ಮಿಕ್ಕಿದ್ದು ಯಾಕೆ?’

ಅದೇ ಕಾರಣ ಅಂತ ಆಮೇಲೆ ಗೊತ್ತಾಯಿತು. ಮೂವತ್ತು ಮೂವತ್ತೈದು ವರ್ಷ ಯಾರೂ ತಿರುಗಿಸದ ಹಲ್ಲುಗಾಲಿಗಳ ಎಣ್ಣೆ ಒಣಗಿ ಗೋಂದಾಗಿತ್ತು.

ಬೆಂಗಳೂರಿನ ಒಂದು ಅಂಗಡಿಗೆ ತಗೊಂಡು ಹೋದೆ. ಬಿಚ್ಚಿಯೂ ನೋಡಲಿಲ್ಲ. ಪಾರ್ಟ್ಸ್ ಸಿಗಲ್ಲ, ಮೇಲಿನ ಸ್ಪೀಡ್ ಇದೆಯಲ್ಲ ಸಾಕು, ಇಲ್ಲದಿದ್ದರೆ ಶೋಕೇಸಲ್ಲಿ ಇಡಿ ಅಂದರು. ಬಸ್ಸಲ್ಲಿ ವಾಪಸ್ ಬರುವಾಗ ಬೇಜಾರಾಗಿತ್ತು. ಆದರೆ ಪಾರ್ಟ್ಸ್ ಏನೂ ಬೇಕಾಗಿರಲಿಲ್ಲ.

ತುಮಕೂರಿನವರಿಗೆ ಎಚ್‌ಎಂಟಿ ಬಗ್ಗೆ ಹೇಳಬೇಕಾಗಿಲ್ಲ. ನಮ್ಮೂರಲ್ಲಿ ವಾಚ್ ಕಾರ್ಖಾನೆ ಇತ್ತು. ಈಗ ಆ ಜಾಗ ಇಸ್ರೋಗೆ ಹೋಗಿದೆ. ಎಚ್‌ಎಂಟಿ ವಾಚ್ ಕಂಪನಿ ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು. ಕಾರ್ಖಾನೆ ಮುಚ್ಚಿದರೂ ಅಲ್ಲಿ ಕೆಲಸ ಮಾಡಿದವರು ಊರಲ್ಲೇ ಇದ್ದಾರಲ್ಲ. ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬರಿದ್ದಾರೆ. ಬೀದಿ ಮಕ್ಕಳೆಲ್ಲ ಅವರನ್ನು ಕರೆಯುವುದು ವಾಚ್ ತಾತ ಅಂತ. ಮೊದಲು ಬೆಂಗಳೂರಿನಲ್ಲಿ ಕೀ ಕೊಡುವ ವಾಚುಗಳನ್ನು ಜೋಡಿಸುತ್ತಿದ್ದರು, ಆಮೇಲೆ ತುಮಕೂರಿಗೆ ಬಂದರು. ಈಗ ಮನೆ ಜಗುಲಿಯಲ್ಲಿ ಕೂತು ಹಳೇ ಜನತಾ, ಪೈಲಟ್ ವಾಚುಗಳನ್ನು ರಿಪೇರಿ ಮಾಡಿಕೊಡುತ್ತಾರೆ. ನಮ್ಮಪ್ಪನ ಜನತಾ ವಾಚು ಇವತ್ತಿಗೂ ಓಡುತ್ತಿರುವುದು ಅವರಿಂದ.

ಅವರು ಕ್ಯಾಮೆರಾ ಬಿಚ್ಚಿದವರಲ್ಲ. ನಾನು ಕೇಳಿದ್ದೂ ಸುಮ್ನೆ, ಒಂದು ಸಲ ನೋಡಲಿ ಅಂತ. ಅವರು ಕ್ಯಾಮೆರಾವನ್ನು ಕಣ್ಣಿಗೆ ಹಿಡಿಯಲಿಲ್ಲ. ಕಿವಿಗೆ ಹಿಡಿದರು. ‘ಒತ್ತು’ ಅಂದರು. ಒಂದು ಸೆಕೆಂಡಿಗೆ ಇಟ್ಟು ಒತ್ತಿದೆ. ಝ್‌ರ್... ನಿಂತಿತು. ‘ಇನ್ನೊಂದು ಸಲ’ ಅಂದರು. ಅರ್ಧ ಸೆಕೆಂಡು, ಕಾಲು ಸೆಕೆಂಡು, ಎಂಟನೇ ಒಂದು. ಹೀಗೆ ಅರ್ಧ ಗಂಟೆ ಬರೀ ಕೇಳಿದರು.

‘ಇದು ವಾಚೇ ಕಣಪ್ಪ. ಒಳಗೆ ಪ್ಯಾಲೆಟ್ ಇದೆ. ಅದು ಹಲ್ಲಿಗೆ ಹೊಡೆಯೋ ಸದ್ದು ಇದು. ಮುರಿದಿಲ್ಲ, ಒಣಗಿದೆ. ಭಾನುವಾರ ಬಾ.’

ಅವರು ಹೇಳಿದ್ದು ಹೇಗೆ ನಿಜ ಅಂತ ಬಿಡಿಸಿ ಹೇಳುತ್ತೇನೆ. ಈ ಕ್ಯಾಮೆರಾದಲ್ಲಿ ಫಿಲ್ಮಿನ ಮುಂದೆ ಎರಡು ಬಟ್ಟೆಯ ಪರದೆ ಇವೆ. ಬಟನ್ ಒತ್ತಿದಾಗ ಮೊದಲ ಪರದೆ ಅಡ್ಡಡ್ಡ ಓಡಿ ತೆರೆಯುತ್ತದೆ, ಎರಡನೆಯದು ಅದರ ಹಿಂದೆ ಓಡಿ ಮುಚ್ಚುತ್ತದೆ. 1/1000ದಲ್ಲಿ ಎರಡೂ ಎಷ್ಟು ಹತ್ತಿರ ಓಡುತ್ತವೆ ಅಂದರೆ ನಡುವೆ ಒಂದು ಸಣ್ಣ ಸೀಳು ಮಾತ್ರ ಇರುತ್ತದೆ. ಆ ಸೀಳು ಫಿಲ್ಮಿನ ಮೇಲೆ ಹಾದು ಹೋಗುತ್ತದೆ. 1/60ಕ್ಕೆ ಬಂದಾಗ ಇಡೀ ಫ್ರೇಮು ಒಂದೇ ಸಲಕ್ಕೆ ತೆರೆದಿರುತ್ತದೆ. ಫ್ಲ್ಯಾಶ್ ಹಾಕುವವರು 60 ಇಡುವುದು ಅದಕ್ಕೇ. ಇನ್ನೂ ನಿಧಾನ ಬೇಕು ಅಂದರೆ ಎರಡನೇ ಪರದೆಯನ್ನು ಯಾರಾದರೂ ಹಿಡಿದುಕೊಂಡಿರಬೇಕು. ಹಿಡಿಯುವುದು ಸಣ್ಣ ಹಲ್ಲುಗಾಲಿಗಳ ಒಂದು ಗುಂಪು. ಕೊನೆಯ ಗಾಲಿಗೆ ಒಂದು ಪುಟ್ಟ ಪ್ಯಾಲೆಟ್ ಆ ಕಡೆ ಈ ಕಡೆ ಬಡಿಯುತ್ತಾ ಅದನ್ನು ಓಡಲು ಬಿಡದೆ ತಡೆಯುತ್ತದೆ. ಗೋಡೆ ಗಡಿಯಾರದಲ್ಲಿ ಟಿಕ್ ಟಿಕ್ ಅನ್ನಿಸುವುದೂ ಇಂಥದ್ದೇ ಒಂದು ಏರ್ಪಾಡು. ಇಲ್ಲಿ ತುಂಬಾ ಬೇಗ ಬಡಿಯುವುದರಿಂದ ಝ್‌ರ್ ಅಂತ ಕೇಳಿಸುತ್ತದೆ.

ಮೊದಲ ಭಾನುವಾರ ಸ್ಕ್ರೂ ಬಿಚ್ಚುವುದರಲ್ಲೇ ಕಳೆಯಿತು. ಜಪಾನಿನ ಕ್ಯಾಮೆರಾಗಳ ಪ್ಲಸ್ ಸ್ಕ್ರೂ ನಮ್ಮ ಮಾಮೂಲಿ ಸ್ಟಾರ್ ಸ್ಕ್ರೂಡ್ರೈವರಿಗೆ ಸರಿಯಾಗಿ ಕೂರುವುದಿಲ್ಲ. ಜಾರಿದರೆ ತಲೆ ಕಿತ್ತುಹೋಗುತ್ತದೆ. ಆಮೇಲೆ ಅದು ಜನ್ಮದಲ್ಲಿ ಬಿಚ್ಚಲ್ಲ. ತಾತ ತಮ್ಮ ಒಂದು ಸ್ಕ್ರೂಡ್ರೈವರಿನ ತುದಿಯನ್ನು ಸಾಣೆಕಲ್ಲಿನ ಮೇಲೆ ಉಜ್ಜಿದರು, ಕೂರಿಸಿ ನೋಡಿದರು, ಮತ್ತೆ ಉಜ್ಜಿದರು. ನಾಲ್ಕು ಸಲ. ಐದನೇ ಸಲ ಸರಿಯಾಗಿ ಕೂತಿತು.

ಆಮೇಲೆ ಅಡುಗೆ ಮನೆಗೆ ಕೂಗಿ ಹೇಳಿ ಹಳೇ ಪಡ್ಡಿನ ಹಂಚು ತರಿಸಿದರು. ಅಲ್ಯೂಮಿನಿಯಂದು, ಏಳು ಗುಳಿ. ಮೊದಲು ಬಿಚ್ಚಿದ ಸ್ಕ್ರೂ ಮೊದಲ ಗುಳಿಗೆ, ಎರಡನೇ ಸಾಲಿನದು ಎರಡನೇ ಗುಳಿಗೆ. ಮಧ್ಯದ ಗುಳಿಯಲ್ಲಿ ಶಟರ್ ಡಯಲ್. ‘ಬಿಚ್ಚೋದು ಎಲ್ಲರೂ ಬಿಚ್ತಾರೆ’ ಅನ್ನುತ್ತಾ ಪ್ರತಿ ಗುಳಿ ತುಂಬಿದಾಗಲೂ ನನ್ನ ಫೋನಲ್ಲಿ ಒಂದು ಫೋಟೋ ತೆಗೆಸಿದರು. ಆ ಹಂಚಿನ ಫೋಟೋ ಈಗಲೂ ಇಟ್ಟುಕೊಂಡಿದ್ದೇನೆ.

ಎರಡನೇ ಭಾನುವಾರ ಹಲ್ಲುಗಾಲಿಗಳ ಗುಂಪು ಕಣ್ಣಿಗೆ ಬಿತ್ತು. ಎಷ್ಟು ಚಿಕ್ಕದು ಅಂದರೆ ಹೆಬ್ಬೆರಳ ಉಗುರಿನ ಮೇಲೆ ಇಡಬಹುದು. ತಾತ ಕಣ್ಣಿಗೆ ಲೂಪ್, ಅಂದರೆ ವಾಚ್ ರಿಪೇರಿಯವರ ಭೂತಗನ್ನಡಿ, ಸಿಕ್ಕಿಸಿಕೊಂಡು ನೋಡಿದರು, ನನಗೂ ಕೊಟ್ಟರು. ಹಿತ್ತಾಳೆ ಬಣ್ಣದ ಗಾಲಿಗಳು. ಅವುಗಳ ಅಚ್ಚಿನ ಸುತ್ತ ಕಂದು ಬಣ್ಣದ ಏನೋ ಅಂಟಿತ್ತು. ಹಲಸಿನ ಹಣ್ಣಿನ ಮೇಣ ಒಣಗಿದ ಹಾಗೆ. ವೈಟ್ ಪೆಟ್ರೋಲಿನಲ್ಲಿ ಸಣ್ಣ ಕುಂಚ ಅದ್ದಿ ಒಂದೊಂದೇ ಅಚ್ಚು ತೊಳೆದರು. ತೊಳೆದ ಮೇಲೆ ಬೆರಳಲ್ಲಿ ತಳ್ಳಿದರೆ ಗಾಲಿ ತಾನಾಗಿ ಓಡಿ ನಿಂತಿತು. ಝ್‌ರ್ರ್ರ್. ಪೂರ್ತಿ. ನಾನು ಚಪ್ಪಾಳೆ ತಟ್ಟಿದೆ. ತಾತ ತಟ್ಟಲಿಲ್ಲ. ‘ಈಗ ಒಣಗಿ ಓಡ್ತಿದೆ. ಹೀಗೇ ಬಿಟ್ಟರೆ ಸವೀತದೆ’ ಅಂದರು.

ಮೂರನೇ ಭಾನುವಾರ ಎಣ್ಣೆ. ವಾಚಿಗೆ ಹಾಕುವ ಎಣ್ಣೆ, ಸೂಜಿಯಂಥ ಕಡ್ಡಿಯ ತುದಿಯಲ್ಲಿ. ಹನಿ ಅಂತ ಹೇಳಿದರೂ ಜಾಸ್ತಿ ಆಯಿತು, ತುದಿ ಒದ್ದೆಯಾದರೆ ಸಾಕು. ಅಚ್ಚಿಗೆ ಮಾತ್ರ, ಹಲ್ಲಿಗೆ ಇಲ್ಲ. ಜಾಸ್ತಿ ಹಾಕಿದರೆ ಹರಿದು ಪರದೆಯ ಮೇಲೆ ಬೀಳುತ್ತದೆ, ಧೂಳು ಹಿಡಿಯುತ್ತದೆ, ಮತ್ತೆ ಗೋಂದಾಗುತ್ತದೆ. ಈ ಮಾತನ್ನು ಹಳೇ ಕ್ಯಾಮೆರಾ ಇಟ್ಟುಕೊಂಡವರೆಲ್ಲ ನೆನಪಿಡಬೇಕು. ಶಟರ್ ಕಚ್ಚಿಕೊಂಡಿದೆ ಅಂತ ಹೊಲಿಗೆ ಮಷಿನ್ ಎಣ್ಣೆ ಬಿಟ್ಟು ಹಾಳು ಮಾಡಿಕೊಂಡವರನ್ನು ನೋಡಿದ್ದೇನೆ. ದಯವಿಟ್ಟು ಬಿಡಬೇಡಿ.

ಸರಿಹೋಯಿತಾ ಅಂತ ಅಳೆದದ್ದು ಫೋನಲ್ಲಿ. ಹಿಂದಿನ ಬಾಗಿಲು ತೆಗೆದು, ಕ್ಯಾಮೆರಾವನ್ನು ಕಿಟಕಿ ಕಡೆಗೆ ಇಟ್ಟು, ಹಿಂದಿನಿಂದ ಸ್ಲೋ ಮೋಷನ್ ವಿಡಿಯೋ ತೆಗೆದೆ. ನನ್ನ ಫೋನು ಸೆಕೆಂಡಿಗೆ 240 ಫ್ರೇಮು ತೆಗೆಯುತ್ತದೆ. ಹಾಗಾದರೆ 1/30ಕ್ಕೆ 8 ಫ್ರೇಮು ಬೆಳಕು ಕಾಣಬೇಕು, 1/15ಕ್ಕೆ 16. ರಿಪೇರಿಗೆ ಮುಂಚೆ 1/15ಕ್ಕೆ 27 ಬಂದಿತ್ತು. ಈಗ 17. ಒಂದು ಸೆಕೆಂಡಿಗೆ 240 ಬರಬೇಕಾದಲ್ಲಿ 251 ಬಂತು. ಫಿಲ್ಮಿಗೆ ಇಷ್ಟು ವ್ಯತ್ಯಾಸ ಲೆಕ್ಕಕ್ಕೇ ಇಲ್ಲ. ಮೇಲಿನ ಸ್ಪೀಡ್‌ಗಳನ್ನು ಫೋನಿನಲ್ಲಿ ಅಳೆಯಲು ಆಗುವುದಿಲ್ಲ, ಅದಕ್ಕೆ ಬೇರೆ ಸಾಧನ ಬೇಕು. ತಾತನಿಗೆ 251 ಅಂದಾಗ ಅವರು ಸುಮ್ಮನಿದ್ದರು. ಅವರಿಗೆ ಆ ಹನ್ನೊಂದು ಫ್ರೇಮು ಹಿಡಿಸಲಿಲ್ಲ ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು.

ದುಡ್ಡು ಕೊಡಲು ಹೋದರೆ ತಗೊಳ್ಳಲಿಲ್ಲ. ‘ಇದರಲ್ಲಿ ಫೋಟೋ ತೆಗೆದು ತೋರಿಸು’ ಅಂದರು.

ಮಿಕ್ಕಿದ ಕೆಲಸ ನಾನೇ ಮಾಡಿಕೊಂಡೆ. ಬ್ಯಾಟರಿ ಗೂಡಿನ ಮುಚ್ಚಳವನ್ನು ಒಂದು ರೂಪಾಯಿ ನಾಣ್ಯದಿಂದ ತಿರುಗಿಸಿ ತೆಗೆದರೆ ಹಸಿರು ಕಿಲುಬು. ಹತ್ತಿಗೆ ವಿನೆಗರ್ ಅದ್ದಿ ಒರೆಸಿದೆ, ಆಮೇಲೆ ಒಣ ಹತ್ತಿಯಲ್ಲಿ. ಹೊಸ ಸೆಲ್ ಹಾಕಿದೆ. ಮುಳ್ಳು ಎದ್ದಿತು! ತಿಪಟೂರಿನ ಒಣ ಹವೆಗೆ ಲೆನ್ಸಿಗೆ ಬೂಷ್ಟು ಹಿಡಿದಿರಲಿಲ್ಲ, ಅದೊಂದು ಪುಣ್ಯ.

ಕಷ್ಟ ಕೊಟ್ಟದ್ದು ಬಾಗಿಲ ಸುತ್ತಲಿನ ಫೋಮು. ಬೆಳಕು ಒಳಗೆ ನುಗ್ಗದಿರಲಿ ಅಂತ ಹಳೇ ಕ್ಯಾಮೆರಾಗಳಿಗೆಲ್ಲ ಇದನ್ನು ಹಾಕಿರುತ್ತಾರೆ. ವಯಸ್ಸಾದರೆ ಕರಗಿ ಡಾಂಬರಿನ ಹಾಗೆ ಆಗುತ್ತದೆ. ಮುಟ್ಟಿದರೆ ಕೈಯೆಲ್ಲ ಕಪ್ಪು. ಹಲ್ಲುಕಡ್ಡಿಯಲ್ಲಿ ಕೆರೆದು, ಸ್ಪಿರಿಟ್ಟಿನಲ್ಲಿ ಒರೆಸಿ, ಫೋಮು ಕೂರುವ ತೋಡು ಸ್ವಚ್ಛ ಮಾಡಲು ಎರಡು ಸಂಜೆ ಹಿಡಿಯಿತು. ಪರದೆಯ ಮೇಲೆ ಒಂದು ಚೂರೂ ಬೀಳಬಾರದು, ಅದೇ ಭಯ. ಮಂಡಿಪೇಟೆಯಲ್ಲಿ ಕಪ್ಪು ಉಲ್ಲನ್ ದಾರ ತಂದು ಬಾಗಿಲು ಕೂರುವ ಸಣ್ಣ ತೋಡಿನಲ್ಲಿ ಒತ್ತಿ ಕೂರಿಸಿದೆ. ಅಂಟು ಕೂಡ ಬೇಕಾಗಲಿಲ್ಲ. ಇಷ್ಟು ಸಾಕು ಅಂದುಕೊಂಡೆ. ಸಾಕಾಗಿರಲಿಲ್ಲ.

ಮೊದಲ ರೀಲು ಇಲ್ಫೋರ್ಡ್ ಎಚ್‌ಪಿ5, ಕಪ್ಪು ಬಿಳುಪು, 400 ಎಎಸ್‌ಎ (ಬೆಳಕಿಗೆ ಫಿಲ್ಮು ಎಷ್ಟು ಚುರುಕು ಅನ್ನುವ ಅಳತೆ). ಮಾವನ ಕಾಲದಲ್ಲಿ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ಸಿಗುತ್ತಿತ್ತು, ನಮ್ಮ ದೇಶದ್ದೇ. ಈಗ ಎಲ್ಲಾ ಹೊರಗಿನದು. 36 ಫೋಟೋದ ಒಂದು ರೀಲಿಗೆ ಸಾವಿರ ರೂಪಾಯಿಯ ಹತ್ತಿರ ಕೊಟ್ಟೆ. ಅಷ್ಟು ಕೊಟ್ಟ ಮೇಲೆ ಪ್ರತಿ ಸಲ ಒತ್ತುವಾಗಲೂ ಕೈ ಒಂದು ಕ್ಷಣ ನಿಲ್ಲುತ್ತದೆ. ರೀಲು ಹಾಕುವಾಗ ಒಂದು ವಿಷಯ ನೋಡಿಕೊಳ್ಳಬೇಕು. ಫಿಲ್ಮು ಮುಂದೆ ಸರಿಸುವ ಲಿವರ್ ಎಳೆದಾಗ ಎಡಗಡೆಯ ಸುತ್ತುವ ಗುಂಡಿ ತಾನೂ ತಿರುಗಬೇಕು. ತಿರುಗದಿದ್ದರೆ ಫಿಲ್ಮು ಸ್ಪೂಲಿಗೆ ಹತ್ತಿಲ್ಲ ಅಂತ ಅರ್ಥ. ಎಣಿಕೆಯ ಮುಳ್ಳು ಮಾತ್ರ 1, 2, 3 ಅಂತ ಮುಂದೆ ಹೋಗುತ್ತಿರುತ್ತದೆ, ಅದನ್ನು ನಂಬಬಾರದು.

ಅಮಾನಿಕೆರೆ ಏರಿಯ ಮೇಲೆ ಬೆಳಿಗ್ಗೆ ಆರೂವರೆಗೆ ಶುರು ಮಾಡಿದೆ. ಆಮೇಲೆ ಮಂಡಿಪೇಟೆ. ಮಾರನೇ ದಿನ ದೇವರಾಯನದುರ್ಗ. ಮುಳ್ಳಿನ ಸ್ವಭಾವ ಅರ್ಥವಾಗಿದ್ದು ದುರ್ಗದ ಬಂಡೆಯ ಮೇಲೆ. ಈ ಮೀಟರು ಕಣ್ಣೆದುರಿಗಿರುವ ಎಲ್ಲವನ್ನೂ ಕಲಸಿ ಒಂದು ಬೂದು ಬಣ್ಣ ಅಂತ ಲೆಕ್ಕ ಹಾಕುತ್ತದೆ. ಆಕಾಶ ಜಾಸ್ತಿ ಬಂದರೆ ‘ಬೆಳಕು ತುಂಬಾ ಇದೆ’ ಅಂತ ಮೇಲೆ ಹೋಗುತ್ತದೆ. ಅದರ ಮಾತು ಕೇಳಿ ಅಪರ್ಚರ್ ಮುಚ್ಚಿದರೆ ಕೆಳಗೆ ನಿಂತವರ ಮುಖ ಕಪ್ಪಾಗುತ್ತದೆ. ಅದಕ್ಕೆ ಕ್ಯಾಮೆರಾವನ್ನು ಮೊದಲು ಬಂಡೆಯ ಕಡೆ ತಿರುಗಿಸಿ ಮುಳ್ಳು ಮಧ್ಯಕ್ಕೆ ತರುವುದು, ಆಮೇಲೆ ಮೇಲೆತ್ತಿ ಫೋಟೋ ತೆಗೆಯುವುದು. ಬಿಳೀ ಪಂಚೆ ಉಟ್ಟವರು ಬಿಸಿಲಲ್ಲಿ ನಿಂತರೂ ಇದೇ ಕಥೆ, ಒಂದು ಸ್ಟಾಪ್ ಜಾಸ್ತಿ, ಅಂದರೆ ಎರಡರಷ್ಟು ಬೆಳಕು ಬಿಡಬೇಕು. ಮಧ್ಯಾಹ್ನದ ಬಿಸಿಲಲ್ಲಿ ಹಳೇ ಸೂತ್ರದ ಜೊತೆ ತಾಳೆ ನೋಡಿದೆ. 400 ಫಿಲ್ಮಿಗೆ ಅಪರ್ಚರ್ ಎಫ್ 16, ಸ್ಪೀಡ್ 1/500. ಮುಳ್ಳು ಅರ್ಧ ಸ್ಟಾಪಿನ ಒಳಗೇ ಇತ್ತು. ಅಷ್ಟು ವರ್ಷ ಟ್ರಂಕಿನಲ್ಲಿ ಬಿದ್ದಿದ್ದ ಮೀಟರು ಅಲ್ವಾ, ನನಗೆ ಹೆಮ್ಮೆ ಅನ್ನಿಸಿತು.

ರೀಲು ಮನೆಯಲ್ಲೇ ತೊಳೆಯಬೇಕು ಅಂತ ತೀರ್ಮಾನಿಸಿದ್ದೆ. ತೊಳೆಸಲು ಕೊಡೋಣ ಅಂದರೆ ಊರಿನ ಸ್ಟುಡಿಯೋಗಳಲ್ಲಿ ಕೇಳಿದಲ್ಲೆಲ್ಲ ನಿಲ್ಲಿಸಿ ಎಷ್ಟೋ ವರ್ಷ ಆಗಿತ್ತು. ಆದರೆ ಹಳೇ ಸ್ಟುಡಿಯೋದವರೊಬ್ಬರು ಸ್ಟೀಲ್ ಡೆವಲಪಿಂಗ್ ಟ್ಯಾಂಕು ಕೊಟ್ಟರು. ‘ಹೈಪೋ ವಾಸನೆ ನೋಡಿ ಕಾಲ ಆಯ್ತು’ ಅಂತ ಖುಷಿಪಟ್ಟರು. ಹೈಪೋ ಅಂದರೆ ಫಿಲ್ಮಿನ ಮೇಲೆ ಮೂಡಿದ ಚಿತ್ರವನ್ನು ಉಳಿಸುವ ಔಷಧಿ.

ಫಿಲ್ಮನ್ನು ಟ್ಯಾಂಕಿನ ಸುರುಳಿಗೆ ಸುತ್ತುವುದು ಪೂರ್ತಿ ಕತ್ತಲಲ್ಲಿ. ನಮ್ಮ ಮನೆಯಲ್ಲಿ ಕಿಟಕಿ ಇಲ್ಲದ ಕೋಣೆ ಅಂದರೆ ದೇವರ ಮನೆ ಒಂದೇ. ಅಮ್ಮ ಒಪ್ಪಿದರು, ಎರಡು ಷರತ್ತಿನ ಮೇಲೆ. ಸ್ನಾನ ಮಾಡಿ ಹೋಗಬೇಕು. ಔಷಧಿ ಬಾಟಲಿ ಒಳಗೆ ಬರಬಾರದು. ಇನ್ನೊಂದು ತೊಡಕಿತ್ತು, ಸಂಜೆ ಹಚ್ಚಿದ ದೀಪ. ಅದನ್ನು ಊದಿ ಆರಿಸುವ ಹಾಗಿಲ್ಲ. ಎಣ್ಣೆ ತೀರಿ ತಾನಾಗಿ ಶಾಂತವಾಗುವ ತನಕ ಬಾಗಿಲ ಹೊರಗೆ ಕೂತೆ. ರಾತ್ರಿ ಹತ್ತು ಆಯಿತು. ಒಳಗೆ ಹೋಗಿ ಬಾಗಿಲ ಸಂದಿಗೆ ಕಂಬಳಿ ಒತ್ತಿದೆ. ಐದು ನಿಮಿಷ ಕಣ್ಣು ಬಿಟ್ಟುಕೊಂಡು ಕೂತು ಎಲ್ಲಿಂದಲೂ ಬೆಳಕು ಬರುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡೆ. ಸುಟ್ಟ ಬತ್ತಿಯ ವಾಸನೆ, ಕರ್ಪೂರದ ವಾಸನೆ, ಕೈಯಲ್ಲಿ ಫಿಲ್ಮು. ಅದನ್ನು ಅಂಚಲ್ಲಿ ಮಾತ್ರ ಹಿಡಿಯಬೇಕು. ಸ್ವಲ್ಪ ಬಾಗಿಸಿ ಸುರುಳಿಯ ಮಧ್ಯಕ್ಕೆ ಸಿಕ್ಕಿಸಿ ತಿರುಗಿಸುತ್ತಾ ಹೋದೆ. ಒಂದು ಕಡೆ ಬಿಗಿಯಾದರೆ ಹಿಂದಕ್ಕೆ ಬಿಚ್ಚಿ ಮತ್ತೆ ಸುತ್ತಬೇಕು. ಹಗಲಲ್ಲಿ ಹಾಳಾದ ಒಂದು ಫಿಲ್ಮಿನಲ್ಲಿ ಇಪ್ಪತ್ತು ಸಲ ಅಭ್ಯಾಸ ಮಾಡಿದ್ದು ಆವತ್ತು ಕೈ ಹಿಡಿಯಿತು.

ಡೆವಲಪರ್, ಅಂದರೆ ಚಿತ್ರ ಮೂಡಿಸುವ ಔಷಧಿ, ಡಿ-76. ಕೊಡಾಕ್ 1927ರಲ್ಲಿ ತಂದದ್ದು, ಇವತ್ತಿಗೂ ಅದೇ ಹೆಸರು. ಪುಡಿಯನ್ನು ಬಿಸಿ ನೀರಿನಲ್ಲಿ ಕರಗಿಸಿ ಒಂದು ದಿನ ಹಾಗೇ ಇಟ್ಟಿದ್ದೆ. 150 ಮಿ.ಲೀ. ಡೆವಲಪರಿಗೆ 150 ಮಿ.ಲೀ. ನೀರು. ಎಚ್‌ಪಿ5ಕ್ಕೆ ಈ ಅಳತೆಯಲ್ಲಿ 20 ಡಿಗ್ರಿಯಲ್ಲಿ 11 ನಿಮಿಷ. ಆದರೆ ಏಪ್ರಿಲ್‌ನಲ್ಲಿ ತುಮಕೂರಿನ ನಲ್ಲಿ ನೀರು 20 ಡಿಗ್ರಿ ಎಲ್ಲಿಂದ ಬರಬೇಕು? ಥರ್ಮಾಮೀಟರ್ ಇಟ್ಟರೆ 30 ತೋರಿಸಿತು. ಮಣ್ಣಿನ ಮಡಕೆಯ ನೀರು 24. ಅದಕ್ಕೆ ಫ್ರಿಜ್ಜಿನ ನೀರು ಸ್ವಲ್ಪ ಸ್ವಲ್ಪ ಬೆರೆಸಿ 20ಕ್ಕೆ ತಂದೆ. ಟ್ಯಾಂಕನ್ನು ಇಡಲು ಒಂದು ಬೇಸನ್ನಿನಲ್ಲೂ ಅದೇ ನೀರು. ಬಿಸಿ ಜಾಸ್ತಿಯಾದರೆ ನೆಗೆಟಿವ್ ದಟ್ಟವಾಗಿ ಕಪ್ಪಾಗಿಬಿಡುತ್ತದೆ, ಸಮಯದ ಲೆಕ್ಕವೆಲ್ಲ ತಪ್ಪುತ್ತದೆ.

ನಿಮಿಷಕ್ಕೆ ಹತ್ತು ಸೆಕೆಂಡ್ ಟ್ಯಾಂಕು ತಲೆಕೆಳಗು ಮಾಡುವುದು, ತಟ್ಟುವುದು, ಇಡುವುದು. 11 ನಿಮಿಷ ಆದ ಕೂಡಲೇ ಚೆಲ್ಲಿ ನೀರು ಹಾಕಿ, ಆಮೇಲೆ ಹೈಪೋ, ಐದು ನಿಮಿಷ. ಹೈಪೋ ಸರಿಯಾಗಿದೆಯಾ ಅಂತ ಮೊದಲೇ ನೋಡಿಕೊಂಡಿದ್ದೆ. ರೀಲಿನ ತುದಿ ಒಂದು ಚೂರು ಕತ್ತರಿಸಿ ಹಾಕಿದರೆ ಎಷ್ಟು ಹೊತ್ತಿಗೆ ಪಾರದರ್ಶಕ ಆಗುತ್ತದೋ ಅದರ ಎರಡರಷ್ಟು ಹೊತ್ತು ಫಿಲ್ಮು ಅದರಲ್ಲಿರಬೇಕು. ಕೊನೆಗೆ ತೊಳೆಯುವುದು. ನೀರು ತುಂಬಿ ಐದು ಸಲ ತಿರುಗಿಸಿ ಚೆಲ್ಲು, ಮತ್ತೆ ತುಂಬಿ ಹತ್ತು ಸಲ, ಮತ್ತೆ ಇಪ್ಪತ್ತು ಸಲ. ನೀರಿಗೆ ಕಷ್ಟ ಇರುವ ನಮ್ಮ ಕಡೆಗೆ ಈ ವಿಧಾನ ಹೇಳಿ ಮಾಡಿಸಿದ್ದು, ನಲ್ಲಿ ಬಿಟ್ಟುಕೊಂಡು ಅರ್ಧ ಗಂಟೆ ಕೂರಬೇಕಾಗಿಲ್ಲ.

ಸುರುಳಿ ಬಿಚ್ಚಿ ಬಲ್ಬಿಗೆ ಹಿಡಿದಾಗ ಚಿತ್ರಗಳಿದ್ದವು. ಏರಿ ಇತ್ತು, ಬಂಡೆ ಇತ್ತು, ಮಂಡಿಪೇಟೆಯ ಬೆಲ್ಲದ ಪೆಂಟೆಗಳಿದ್ದವು. ಅಮ್ಮನನ್ನು ಎಬ್ಬಿಸಿ ತೋರಿಸಿದೆ.

ಬೆಳಿಗ್ಗೆ ಒಣಗಿದ ಮೇಲೆ ನೋಡಿದರೆ ಸುಮಾರು ಫ್ರೇಮುಗಳ ಮೇಲೆ ಒಂದು ಕಪ್ಪು ಪಟ್ಟಿ. ಲೈಟ್ ಬಿದ್ದಿದೆ. ಎಲ್ಲಿಂದ ಅಂತ ಫಿಲ್ಮೇ ಹೇಳುತ್ತದೆ. ಪಟ್ಟಿ ಚಿತ್ರದ ಚೌಕದೊಳಗೆ ಮಾತ್ರ ಇದ್ದರೆ ಪರದೆಯಲ್ಲಿ ತೂತು. ಇಲ್ಲಿ ಅದು ಅಂಚಿನ ರಂಧ್ರಗಳ ತನಕ ಹಬ್ಬಿತ್ತು. ಹಾಗಾದರೆ ಹಿಂದಿನ ಬಾಗಿಲು. ತೋಡುಗಳಿಗೆ ದಾರ ಹಾಕಿದ್ದೆ, ಬಾಗಿಲ ಕೀಲಿನ ಕಡೆ ಅಗಲವಾದ ಪಟ್ಟಿ ಬೇಕಿತ್ತು, ಅದನ್ನು ಬಿಟ್ಟಿದ್ದೆ. ಬಳೆ ಅಂಗಡಿಯಲ್ಲಿ ಕಪ್ಪು ವೆಲ್ವೆಟ್ ರಿಬ್ಬನ್ ಸಿಕ್ಕಿತು. ಕತ್ತರಿಸಿ ಅಂಟಿಸಿದೆ. ಎರಡನೇ ರೀಲಿನಲ್ಲಿ ಒಂದು ಗೆರೆಯೂ ಇಲ್ಲ.

ಆ ಎರಡನೇ ರೀಲು ತಗೊಂಡು ತಿಪಟೂರಿಗೆ ಹೋದೆ. ನನಗೆ ಬೇಕಾಗಿದ್ದ ಫೋಟೋ ಒಂದೇ, ಅಟ್ಟದಲ್ಲಿ ಕಾಯಿ ನಡುವೆ ಕೂತ ಮಾವ. ಹೆಂಚಿನ ಮಧ್ಯೆ ಒಂದು ಗಾಜಿನ ಹೆಂಚು ಇದೆ. ಅಲ್ಲಿಂದ ಬರುವ ಬೆಳಕೇ ಬೆಳಕು. ಫ್ಲ್ಯಾಶ್ ಹಾಕಿದರೆ ಆ ಅಟ್ಟದ ಗುಣವೇ ಹೋಗಿಬಿಡುತ್ತದೆ. ಮುಂದಿನ ಕಾಯಿಯಿಂದ ಹಿಂದಿನ ತೊಲೆಯ ತನಕ ಸ್ಪಷ್ಟ ಬರಬೇಕು ಅಂತ ಎಫ್ 5.6 ಇಟ್ಟೆ. ಮುಳ್ಳು ನೋಡುತ್ತಾ ಡಯಲ್ ತಿರುಗಿಸಿದೆ. 1/30, ಇಲ್ಲ. 1/15, ಇಲ್ಲ. 1/8, 1/4. ಅರ್ಧ ಸೆಕೆಂಡಿಗೆ ಮುಳ್ಳು ಮಧ್ಯಕ್ಕೆ ಬಂತು. ಮೂರು ಭಾನುವಾರ ಬಿಚ್ಚಿ ತೊಳೆಯದಿದ್ದರೆ ಈ ಸ್ಪೀಡ್ ಇರುತ್ತಲೇ ಇರಲಿಲ್ಲ.

ಗೋಣಿಚೀಲಕ್ಕೆ ತೆಂಗಿನ ಸಿಪ್ಪೆ ತುಂಬಿ ಅದರ ಮೇಲೆ ಕ್ಯಾಮೆರಾ ಕೂರಿಸಿದೆ. ಬಟನ್ ಮಧ್ಯದ ತೂತಿಗೆ ದೂರದಿಂದ ಒತ್ತುವ ಕೇಬಲ್ ಸಿಕ್ಕಿಸಿದೆ, ಕೈ ತಾಗಿ ಅಲ್ಲಾಡಬಾರದಲ್ಲ. ಮಾವನಿಗೆ ‘ಒಂದ್ನಿಮಿಷ ಅಲ್ಲಾಡಬೇಡಿ’ ಅಂದೆ. ಅವರು ಒಂದು ಕಾಯಿಯನ್ನು ಕಿವಿಗೆ ಹಿಡಿದು ಕೂತರು. ಒತ್ತಿದೆ. ಕನ್ನಡಿ ಎದ್ದಿತು, ಝ್‌ರ್ರ್, ಟಪ್. ಮಾವ ತಲೆ ಎತ್ತಿದರು. ‘ಇದು ಇಂಥ ಸದ್ದು ಮಾಡ್ತಿತ್ತಾ?’ ಅಂತ ಕೇಳಿದರು. ನಾಲ್ಕು ಫೋಟೋ ತೆಗೆದೆ. ಮೂರರಲ್ಲಿ ಮಾವ ಅಲ್ಲಾಡಿದ್ದಾರೆ. ಒಂದರಲ್ಲಿ ಕಾಯಿಯ ನಾರು ಎಳೆ ಎಳೆಯಾಗಿ ಎಣಿಸಬಹುದು. ಕೆನ್ನೆಯ ಒಂದು ಕಡೆ ಗಾಜಿನ ಹೆಂಚಿನ ಬೆಳಕು, ಇನ್ನೊಂದು ಕಡೆ ಕತ್ತಲು. ಬೆರಳ ಸಂದಿಯ ಧೂಳು ಕೂಡ ಬಿದ್ದಿದೆ.

ನೆಗೆಟಿವನ್ನು ಬಿಳೀ ಪರದೆಯ ಮೇಲಿಟ್ಟು ಫೋನಲ್ಲಿ ತೆಗೆದು, ಕಪ್ಪನ್ನು ಬಿಳುಪು, ಬಿಳುಪನ್ನು ಕಪ್ಪು ಮಾಡಿ, ಸ್ಟುಡಿಯೋದಲ್ಲಿ ಎರಡು ಪ್ರಿಂಟ್ ಹಾಕಿಸಿದೆ. ಒಂದು ಮಾವನ ಮನೆಯ ಹಜಾರದಲ್ಲಿದೆ. ಇನ್ನೊಂದು ತಗೊಂಡು ವಾಚ್ ತಾತನ ಜಗುಲಿಗೆ ಹೋದೆ. ಲೂಪ್ ಹಾಕಿಕೊಂಡು ತುಂಬಾ ಹೊತ್ತು ನೋಡಿದರು.

‘ಎಷ್ಟಕ್ಕೆ ಇಟ್ಟಿದ್ದೆ?’

‘ಅರ್ಧ ಸೆಕೆಂಡ್.’

ಕೈ ಚಾಚಿದರು. ಕ್ಯಾಮೆರಾ ಕೊಟ್ಟೆ. ಒಂದು ಸೆಕೆಂಡಿಗೆ ಇಟ್ಟು, ಲಿವರ್ ಎಳೆದು, ಕಿವಿಗೆ ಹಿಡಿದು ಒತ್ತಿದರು. ಮತ್ತೆ ಎಳೆದು ಮತ್ತೆ ಒತ್ತಿದರು.

‘ಕೊನೇಲಿ ಇನ್ನೂ ಸ್ವಲ್ಪ ಎಳೀತಿದೆ’ ಅಂದರು. ‘ಮಳೆಗಾಲ ಕಳೀಲಿ. ಪಡ್ಡಿನ ಹಂಚು ಎತ್ತಿಟ್ಟಿದೀನಿ, ಕ್ಯಾಮೆರಾ ತಗೊಂಬಾ.’